ಲಾಲಸಾಬರ ಕೈಯಲ್ಲಿದ್ದ ಎಕ್ಕಾ

ನನ್ನ ಮಾವ ಗುರುಶಿದ್ದಪ್ಪನವರಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಬ್ರಿಜ್ ಆಟದಲ್ಲಿ ಅವರ ಜೋಡಿಯಾಗಿದ್ದ ಉಡಚಪ್ಪನವರು ಬೈಸಿಕೊಂಡು ಸಾಕಾಗಿ ಬರುವುದನ್ನೇ ಬಿಟ್ಟರು. ನಾಲ್ಕನೆಯವರು ಬೇಕಲ್ಲ, ಮನೆಯಲ್ಲೇ ಇದ್ದ ಸೊಸೆ ನನ್ನನ್ನು ಕೂರಿಸಿದರು.

ಅದು ತೊಂಬತ್ತೇಳನೆಯ ಇಸವಿ. ಧಾರವಾಡದಲ್ಲಿ ನನಗೆ ಬಿ.ಎಡ್. ಸೀಟು ಸಿಕ್ಕಿತ್ತು, ಸೇರಲು ಮರುದಿನವೇ ಕೊನೆ. ಮಾವ ಒಪ್ಪಿರಲಿಲ್ಲ. ಬೈರಿದೇವರಕೊಪ್ಪದಿಂದ ದಿನಾ ಒಬ್ಬಳೇ ಬಸ್ಸು ಹತ್ತುವ ಧೈರ್ಯ ನಿನಗೆಲ್ಲಿದೆ, ಮಧ್ಯಾಹ್ನ ನನಗೆ ಬಿಸಿ ರೊಟ್ಟಿ ಬಡಿಯುವವರು ಯಾರು ಎಂದಿದ್ದರು. ಗಂಡ ಮಾಲತೇಶ ಅಪ್ಪನೆದುರು ಗಪ್‌ಚಿಪ್. ಕೊನೆಗೆ ನಾನೇ ಬಾಯಿಬಿಟ್ಟು ಕೇಳಿದೆ. ಇವತ್ತು ಒಂದಾಟ ನೀನೇ ನಡೆಸಿ ಗೆದ್ದು ತೋರಿಸು, ಆಮೇಲೆ ನೋಡೋಣ ಎಂದರು ಮಾವ.

ಮಧ್ಯಾಹ್ನ ಲಾಲಸಾಬರು, ಹೊಳೆಯಪ್ಪನವರು ಎದುರಾಳಿಗಳಾಗಿ ಕೂತರು. ಗರಗದ ನನ್ನ ತವರಿನ ಇಸ್ಪೀಟಿನಲ್ಲಿ ಎಕ್ಕಾ ಇಟ್ಟುಕೊಂಡು ಕೂತವರು ದಡ್ಡರು; ಎಲ್ಲಿ ಅದರ ಮೇಲೆ ಹುಕುಮಿನ ತುರುಫು ಬಿದ್ದೀತೋ ಎಂದು ಮೊದಲೇ ಹೊಡೆದುಬಿಡುತ್ತೇವೆ. ಅದೇ ಚಾಳಿಯಲ್ಲಿ ಮೊದಲ ಆಟದಲ್ಲಿ ದೊಡ್ಡ ಎಲೆಗಳನ್ನೆಲ್ಲ ಪಟಪಟನೆ ಹೊಡೆದು ಬರಿಗೈಯಾಗಿ ಸೋತೆ. ಮಾವ ಹಲ್ಲು ಕಡಿದರು.

"ಇನ್ನೊಂದs ಆಟ," ಎಂದರು.

ಈ ಸಲ ಹುಕುಂ ಇಲ್ಲದ ಆಟ. ಹದಿಮೂರು ಸುತ್ತಿನಲ್ಲಿ ನಾನು ಒಂಬತ್ತು ಗೆಲ್ಲಬೇಕು. ಮಾವ ಡಮ್ಮಿ: ತಮ್ಮ ಎಲೆಗಳನ್ನು ಮೇಜಿನ ಮೇಲೆ ಬಿಚ್ಚಿಟ್ಟು ಸುಮ್ಮನೆ ಕೂರಬೇಕು, ಅವನ್ನೂ ನಾನೇ ಆಡಬೇಕು. ಅವರ ಬಾಯಿ ಮುಚ್ಚಿಸಬಲ್ಲ ನಿಯಮ ಭೂಮಿಯ ಮೇಲೆ ಅದೊಂದೇ.

ಲಾಲಸಾಬರು ಆಟೀನಿನಿಂದ ಶುರುಮಾಡಿದರು. ಮಾವನ ಎಲೆಗಳಲ್ಲಿದ್ದ ಎಕ್ಕಾ ಹಾಕಿ ಗೆದ್ದೆ. ಆ ಬಣ್ಣಕ್ಕೆ ಇನ್ನು ಕಾವಲಿದ್ದದ್ದು ಮಾವನ ರಾಜ ಒಂದೇ. ಎಣಿಸಿದೆ. ಅದೂ ಸೇರಿ ಖಾತ್ರಿ ಗೆಲುವು ಆರೇ. ಉಳಿದ ಮೂರು ಮಾವನ ಡೈಮಂಡಿನಲ್ಲಿ ಹುಟ್ಟಬೇಕು. ಅಲ್ಲಿ ರಾಜ, ರಾಣಿ, ಗುಲಾಮ, ಹತ್ತು ಇದ್ದವು. ಎಕ್ಕಾ ಮಾತ್ರ ಎದುರಾಳಿಗಳ ಹತ್ತಿರ. ಅವರಿಗೆ ಒಂದು ಸುತ್ತು ಬಿಟ್ಟುಕೊಡದೆ ಗತಿಯಿಲ್ಲ, ಅದೂ ಆಟೀನಿಗೆ ಆ ರಾಜ ಕಾವಲಿರುವಾಗಲೇ; ಅದು ಹೋದಮೇಲೆ ಬಿಟ್ಟರೆ ಅವರು ಉಳಿದ ಆಟೀನನ್ನೆಲ್ಲ ಹೊಡೆದು ಆಟ ಮುಗಿಸುತ್ತಾರೆ.

ಬೆವರಿಗೆ ಎಲೆ ಬೆರಳಿಗಂಟಿಕೊಂಡಿತ್ತು. ಡೈಮಂಡ್ ರಾಜನನ್ನು ಆಡಿದೆ. ಲಾಲಸಾಬರು ಸಣ್ಣ ಎಲೆ ಹಾಕಿ ಗಡ್ಡ ನೀವಿಕೊಂಡರು. ಎಕ್ಕಾ ಅವರಲ್ಲಿಲ್ಲವೋ, ಬಚ್ಚಿಟ್ಟರೋ? ಖಾತ್ರಿ ಇದ್ದದ್ದನ್ನು ಬಾಚಿಕೊಂಡುಬಿಡು ಎಂದು ಜೀವ ಒದ್ದಾಡಿತು. ಹಾಗೆ ಮಾಡಿದರೆ ನಾಳೆಯೂ ಒಲೆಯ ಮುಂದೆಯೇ. ಮಾವನತ್ತ ನೋಡಲು ಹೆದರಿ, ಕಣ್ಣೆತ್ತದೆ ರಾಣಿಯನ್ನು ಆಡಿದೆ.

ಎಕ್ಕಾ ಬಿತ್ತು. ಲಾಲಸಾಬರು ಸುತ್ತು ಎಳೆದುಕೊಂಡು ಮತ್ತೆ ಆಟೀನನ್ನೇ ಹೊಡೆದರು. ಮಾವನ ರಾಜ ಅದನ್ನು ತಡೆದ. ಆಮೇಲೆ ಗುಲಾಮ, ಹತ್ತು, ಉಳಿದ ನಾಲ್ಕು ಖಾತ್ರಿ ಎಲೆ. ಒಂಬತ್ತಾಯಿತು.

"ಗುರುಶಿದ್ದಪ್ಪಾರ, ನಿಮ್ಮ ಸೊಸಿ ಕೊಟ್ಟು ತಗೊಳ್ಳೂದು ಕಲತಾಳ್ರಿ," ಎಂದರು ಲಾಲಸಾಬರು.

ಮಾವನ ಚಹಾ ಕೆನೆಗಟ್ಟಿತ್ತು. ಎಲೆಗಳನ್ನು ಕೂಡಿಸುತ್ತ ಹೇಳಿದರು:

"ರೊಟ್ಟಿ ಮುಂಜಾನೆನs ಬಡದಿಟ್ಟು ಹೋಗವಾ. ತಣ್ಣಂದs ತಿಂತೇನಿ."

ಮರುದಿನ ಬಸ್ಸು ಹತ್ತುವಾಗ ಕಂಬಿಯನ್ನು ಎರಡೂ ಕೈಯಿಂದ ಹಿಡಿದುಕೊಂಡೆ. ಕಿಟಕಿಯಿಂದ ತಿರುಗಿ ನೋಡಿದೆ. ಮಾವ ಸ್ಟಾಪಿನವರೆಗೂ ಹಿಂದೆಯೇ ಬಂದಿದ್ದರು. ಬಾಯಿ ಬಿಗಿಹಿಡಿದು ನಿಂತು, ಕೊಡೆ ಎತ್ತಿ ಡ್ರೈವರನಿಗೆ ನಿಧಾನ ಎಂದು ಸನ್ನೆ ಮಾಡುತ್ತಿದ್ದರು.