ಗೈಡ್ ಸಾಹೇಬರ ಕೂಲರ್

ಇವತ್ತು ನನ್ನ ಸಿಟ್ಟಿಗೆ ಹೆದರಿ ನಾಗಪುರದ ಮೇ ತಿಂಗಳ ಸೂರ್ಯ ಮಟಮಟ ಮಧ್ಯಾಹ್ನವೇ ಮುಳುಗಿಬಿಟ್ಟ. ಸೀತಾಬರ್ಡಿಯ ಅಂಗಡಿಯವರೆಲ್ಲ ದೀಪ ಹಚ್ಚಿದರು, ಮೆಟ್ರೋ ನಡುದಾರಿಯಲ್ಲಿ ನಿಂತು ನನಗೆ ಕೈಮುಗಿಯಿತು. ಮನೆಗೆ ಬಂದು ಹೀಗೆ ಹೇಳುತ್ತಿದ್ದರೆ ಮಗಳು ನಯನಾ ಬಾಗಿಲಿಗೆ ಒರಗಿ ಕೇಳುತ್ತಿದ್ದಳು. ನಗಲಿಲ್ಲ.

"ಹೂಂ, ಮುಂದ?"

ಸಿಟ್ಟಿಗೆ ಕಾರಣವಿತ್ತು. ಖಗೋಳಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುವ ಹುಡುಗಿ ಅವಳು. ಐದು ವರ್ಷ ಒಂದೇ ನಕ್ಷತ್ರದ ಬೆನ್ನು ಬಿದ್ದಿದ್ದಳು. ಅದು ಯಾಕೆ ಮಂಕಾಗುತ್ತದೆ, ಯಾಕೆ ಮತ್ತೆ ಹೊಳೆಯುತ್ತದೆ ಅನ್ನುವುದೇ ಅವಳ ಥೀಸಿಸ್. ಆ ನಕ್ಷತ್ರಕ್ಕೆ ನಮ್ಮ ಮನೆತನದ ಹೆಸರಿಟ್ಟಾಗಿದೆ ಅಂತ ನಾನು ರೈಲ್ವೆ ಕಾಲೊನಿ ತುಂಬ ಸಾರಿದ್ದೆ. ಈಗ ಎಲ್ಲ ಬರೆದು ಮುಗಿದ ಮೇಲೆ ಅವಳ ಗೈಡ್ ಹೊಸ ರಾಗ ತೆಗೆದಿದ್ದ. ಅವಳು ಬರೆದ ಲೇಖನದಲ್ಲಿ ಅವನ ತಂಗಿಯ ಮಗನ ಹೆಸರು ಮೊದಲು ಬರಬೇಕಂತೆ, ಆಮೇಲೆ ಥೀಸಿಸ್‌ಗೆ ಸಹಿಯಂತೆ. ಟೆಲಿಸ್ಕೋಪಿನ ಯಾವ ತುದಿಗೆ ಕಣ್ಣಿಡಬೇಕು ಅನ್ನುವುದೂ ತಿಳಿಯದ ಹುಡುಗ! ನಯನಾ ಊಟ ಬಿಟ್ಟಳು. "ಅವನ್ನ ನಾ ನೋಡ್ಕೋತೀನಿ" ಅಂತ ಗುಡುಗಿ ನಾನು ಬೆಳಿಗ್ಗೆ ಅವನ ಮನೆಗೆ ಹೊರಟಿದ್ದೆ.

"ಹ್ವಾದಾಂವನ ಒಂದು ಒದ್ದೆ ನೋಡು, ಬಾಗಲಾ ಹಾರಿ ಕನ್ಹಾನ್ ಹೊಳ್ಯಾಗ ಬಿತ್ತು. ಕಿಸೆದಾಗ ಸ್ಕ್ರೂಡ್ರೈವರ್ ಇತ್ತಲ್ಲ, ಹಿರದು ಹಿಡಿದೆ. ನನ್ನ ಮಗಳ ಐದು ವರ್ಷ ಕೊಡತೀಯೋ, ನಿನ್ನ ಕುರ್ಚಿ ಸ್ಕ್ರೂ ಬಿಚ್ಚಲ್ಯೋ ಅಂದೆ. ಗಡಗಡ ನಡುಗಿದ!"

"ನಡುಗಿರಬೇಕು ಬಿಡ್ರಿ, ನಿಮ್ಮ ಬನಿಯನ್ ವಾಸನಿಗೆ" ಅಂತ ಅಡುಗೆಮನೆಯಿಂದ ನನ್ನ ಹೆಂಡತಿ ಮಹಾದೇವಮ್ಮ.

"ಸಹಿ ಮಾಡತೀನಿ ಅಂದನೇನು?" ನಯನಾ ಕೇಳಿದಳು.

"ನಾಳೆನ ಮಾಡತಾನ. ಪೆನ್ನಿಗೆ ಇಂಕ್ ತುಂಬಾಕತ್ತಿದ್ದ."

ಅವಳು ಹತ್ತಿರ ಬಂದು ನನ್ನ ಕಾಲರಿನಿಂದ ಏನೋ ಎಳೆದಳು. ಕಂದು ಬಣ್ಣದ ಒಂದು ಕಡ್ಡಿ. ಮೂಸಿದಳು.

"ಅಪ್ಪಾ, ಇದು ಲಾವಂಚ. ಕೂಲರಿನ ಬದಿಗೆ ಕಟ್ಟೂ ಹುಲ್ಲಿನ ತಟ್ಟೀದು."

"ಗಾಳಿಗೆ ಹಾರಿ ಬಂದಿರಬೇಕವಾ."

"ಪ್ಯಾಂಟ್ ಮೊಣಕಾಲತನಾ ತೊಯ್ದೈತಿ. ನೀರೂ ಹಾರಿ ಬಂತೇನು?" ಅವಳ ದನಿ ಏರಿತು. "ಪ್ರತಿ ವರ್ಷ ಗೈಡ್ ಸಾಹೇಬ್ರ ಮನಿ ಕೂಲರಿಗೆ ಹೊಸಾ ತಟ್ಟಿ ಹಾಕೂದು ನಾವು, ಅವರ ಕೈಕೆಳಗ ಓದೂವರು. ಈ ವರ್ಷ ನಾ ಒಲ್ಲೆ ಅಂದೆ. ನನ್ನ ನೋಡಿ ಉಳಿದವರೂ ಒಲ್ಲೆ ಅಂದ್ರು. ಅದಕ್ಕ ನನ್ನ ಮ್ಯಾಲೆ ಈ ಹಗೆ. ಆದ್ರೂ ಅವರು ಬೆವರಲಿ ಅಂತ ಬಿಟ್ಟಿದ್ವಿ."

ಅದು ನನಗೆ ಗೊತ್ತಿರಲಿಲ್ಲ.

"ಖರೇ ಹೇಳು ಅಪ್ಪಾ."

ಮಹಾದೇವಮ್ಮ ಸೌಟು ಹಿಡಿದೇ ಹೊರಗೆ ಬಂದಳು. ಕಾಲಿಗೆ ಅಂಟಿದ ಒದ್ದೆ ಬಟ್ಟೆಯನ್ನು ಬಿಡಿಸಿಕೊಂಡೆ.

"ಗಂಟಿ ಒತ್ತಿದೆ. ಬಾಗಲಾ ಅವನ ತೆಗದ. ಕಿಸೆದಾಗಿನ ಸ್ಕ್ರೂಡ್ರೈವರ್ ನೋಡಿ, ‘ಕೂಲರ್‌ವಾಲೇ ಹೋ? ಇತನೀ ದೇರ್?’ ಅಂತ, ನನ್ನ ಕೂಲರ್ ರಿಪೇರಿಯಾಂವ ಅಂತ ತಿಳದು, ತಡಾ ಆತಂತ ಜಬರಿಸಿದ. ಬೈಬೇಕಂತನ ಬಾಯಿ ತೆಗದೆ. ನಿನ್ನ ಸಹಿ ನೆನಪಾತು. ಬಾಯಾಗಿಂದ ‘ಜೀ ಸಾಬ್’ ಅಂತ ಬಂತು."

ನಯನಾ ನನ್ನ ಕಿಸೆಯಿಂದ ಸ್ಕ್ರೂಡ್ರೈವರ್ ತೆಗೆದಳು. ನಮ್ಮ ತಲೆಯ ಮೇಲೆ ಫ್ಯಾನು ಬಿಸಿಗಾಳಿಯನ್ನೇ ತಿರುವಿ ತಿರುವಿ ಹಾಕುತ್ತಿತ್ತು.

"ಕೂಲರ್ ಪಂಪಿಂದು ಒಂದು ವಾಯರರೆ ಸಡ್ಲ ಬಿಟ್ಟು ಬಂದೀಯಿಲ್ಲೋ?"

ಇಷ್ಟು ವರ್ಷ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವನು ನಾನು. ಇಲ್ಲೊಂದು ಸುಳ್ಳು ಹೇಳಬಹುದಿತ್ತು.

"ಇಲ್ಲವಾ" ಅಂದೆ. "ಬರೋಬರ್ ಕೂಡಿಸಿ ಬಂದೆ. ಭಾಳ ತಣ್ಣಗ ಗಾಳಿ ಬರಾಕತ್ತಿತ್ತು."