ನೀಲಿ ಗವಸು

ಮತ್ತೆ ಕೂಗಿತು — ಇದು ಅಡವಿಯ ಹಕ್ಕಿಯಲ್ಲ, ನಮ್ಮದು, ಮೂರು ಸಲ ಚುರುಕಾಗಿ ಕೂಗಿ ನಾಲ್ಕನೆಯದನ್ನು ಗಂಟಲು ಹರಿದುಕೊಂಡ ಹಾಗೆ ಎಳೆಯುತ್ತದಲ್ಲ, ಅದು ನಮ್ಮ ಕೌಜುಗವೇ, ನಾನು ಮಲಗುವ ಕಡೆ ಗೂಟಕ್ಕೆ ತೂಗುವ ಪಂಜರದ ಹಕ್ಕಿ, ಎಷ್ಟು ಹಕ್ಕಿಗಳ ನಡುವೆ ಕೂಗಿದರೂ ನನ್ನ ಕಿವಿ ಹೆಕ್ಕಿ ತೆಗೆಯುತ್ತದೆ, ಆದರೆ ಹೊತ್ತು ಇಷ್ಟು ಏರಿದ ಮೇಲೆ ಅದು ಕೂಗಬಾರದು, ಈ ಹೊತ್ತಿಗೆ ಅದರ ಮೇಲೆ ನೀಲಿ ಗವಸು ಬಿದ್ದಿರಬೇಕು, ಗವಸು ಬಿದ್ದರೆ ಅದಕ್ಕೆ ರಾತ್ರಿ, ಬಾಯಿ ಮುಚ್ಚುತ್ತದೆ, ಭಾಯಿ ಪಂಜರವನ್ನು ಹೆಗಲಿಗೇರಿಸಿಕೊಂಡು ಮನೆ ಸೇರಿರಬೇಕು. ಮುಂದೆ ಹೋಗುತ್ತಿದ್ದ ಸ್ನೇಹಲ್ ಅಕ್ಕೋರು ಕೈ ಎತ್ತಿ ನಿಂತರು, ಕೇಳಿದೇನ ಜನ್ನತ, ಕೌಜುಗ, ಎಷ್ಟ ಛಂದ ಕೂಗಾಕ ಹತ್ತೈತಿ, ಬರಕೋ. ಬರೆದುಕೊಂಡೆ. ನೋಟುಬುಕ್ಕು ನನ್ನ ಕೈಯಲ್ಲಿದೆ, ಸಾಲೆಯ ಏಳನೆಯ ಇಯತ್ತೆಯಲ್ಲಿ ಇವರೇ ತಿದ್ದಿಸಿದ ಅಕ್ಷರ, ಕೌಜುಗ ಒಂದು ಎಂದು ಬರೆಯುವಾಗ ಪೆನ್ಸಿಲ್ಲಿನ ಮೊನೆ ಮುರಿಯಿತು. ಹಿಂದಿನಿಂದ ಫಾರೆಸ್ಟ್ ಗಾರ್ಡ್ ಮಲಕಾಜಪ್ಪ ನಕ್ಕ, ಅಕ್ಕೋರ, ನಮ್ಮನ್ಯಾಗ ಕೋಳಿ ಎಣಸಾಕ ನಮ್ಮಾಕಿ ನನಗ ಬಿಡೂದಿಲ್ಲರಿ, ತಪ್ಪ ಎಣಸತೀರಿ ಅಂತಾಳ, ಇಲ್ಲಿ ನೋಡಿದ್ರ ಸಾಹೇಬರು ಅಡವಿ ಹಕ್ಕಿ ಎಣಸಾಕ ಕಳಿಸ್ಯಾರ. ಅವನ ಬೆಲ್ಟಿಗೆ ಸೀಟಿ ತೂಗುತ್ತಿದೆ, ಅದನ್ನೇ ನೋಡುತ್ತ ನಾನು ನಗುವ ಹಾಗೆ ಮಾಡಿದೆ.

ಅಕ್ಕೋರನ್ನ ನೀರಿನ ಕಡೀ ಕರಕೊಂಡ ಹೋಗ, ಕಲ್ಲಿನ ಖಣಿ ಕಡೀ ಮಾತ್ರ ಬ್ಯಾಡ, ಎಂಟಕ್ಕ ನಾ ಮನ್ಯಾಗಿರತೇನಿ — ನಿನ್ನೆ ಸಂಜೆ ಭಾಯಿ ಇಷ್ಟೇ ಹೇಳಿದ, ನಾನು ತಲೆ ಅಲ್ಲಾಡಿಸಿದೆ. ನಮ್ಮ ಮುಸ್ತಕೀಮ ಭಾಯಿ ಟೆಂಪೊ ಓಡಿಸುವವನು, ಬೇಟೆಯವನಲ್ಲ, ಆದರೆ ಭಾಬಿ ಹೆತ್ತು ಹನ್ನೊಂದು ದಿನವಾಯಿತು, ಎದ್ದು ಕೂತರೆ ಕಣ್ಣು ಕತ್ತಲೆ ಬರುತ್ತದೆ, ಕೂಸಿಗೆ ಹಾಲು ಸಾಲದು, ಕೌಜುಗದ ಸಾರು ಕುಡಿಸಿದ್ರ ಎದ್ದ ಕುಂದರತಾಳ, ನಿಮ್ಮಬ್ಬಾ ನನಗೂ ಕುಡಿಸಿದ್ದರು ಎಂದು ಅಮ್ಮಾ ದಿನಾ ಅನ್ನುತ್ತಾಳೆ. ಅಬ್ಬಾ ಸತ್ತ ಮೇಲೆ ಯಾರೂ ಬಲೆ ಮುಟ್ಟಿರಲಿಲ್ಲ. ಸಾಕಿದ ಗಂಡನ್ನು ಪಂಜರದಲ್ಲಿಟ್ಟು ಸುತ್ತ ಬಲೆ ಹಾಸಿದರೆ ನನ್ನ ಜಾಗದಲ್ಲಿ ಕೂಗುವವನು ಯಾರೆಂದು ಅಡವಿಯ ಗಂಡು ಕಾದಾಡಲು ಓಡಿಬರುತ್ತದೆ, ಎರಡು ಬಿದ್ದರೆ ಸಾಕು, ಗವಸು ಹಾಕಿ ಎದ್ದುಬಿಡುವುದು, ಅಷ್ಟೇ ಕೆಲಸ. ನಸುಕಿಗೆ ಅವನು ಗೂಟದ ಹತ್ತಿರ ತಡಕಾಡಿದ್ದು ಕೇಳಿಸಿತ್ತು, ಚಪ್ಪಲಿ ಹುಡುಕುತ್ತಿದ್ದಾನೆ ಅಂದುಕೊಂಡೆ, ಕೂಸು ಎದ್ದೀತೆಂದು ಅವನೂ ಮಾತಾಡಲಿಲ್ಲ ನಾನೂ ಮಾತಾಡಲಿಲ್ಲ, ಮನೆ ತುಂಬ ಸೋಪಿನ ವಾಸನೆ, ನಿನ್ನೆ ಅಮ್ಮಾ ಹೊಳೆಗೆ ಹೋಗಿ ಬಂದಿದ್ದಳು, ಬಾಣಂತಿ ಮನಿ ಇದು, ಒಂದ ಚಿಂದಿ ಬಿಟ್ಟಿಲ್ಲ, ಎಲ್ಲಾ ಒಗದ ಹಾಕೇನಿ ಎಂದು ಸೊಂಟ ಹಿಡಿದುಕೊಂಡು ಮಾಳಿಗೆಯಿಂದ ಇಳಿದಿದ್ದಳು — ಮತ್ತೆ ಕೂಗಿತು.

ಊರಿನ ಅಂಚು ಹಿಡಿದು ನಡೆಯುತ್ತಿದ್ದೇವೆ, ಇಟ್ಟಂಗಿ ಭಟ್ಟಿ ದಾಟಿ, ಸತ್ತ ದನ ಹಾಕುವ ಜಾಗ ದಾಟಿ, ಹಿನ್ನೀರು ಸರಿದುಹೋಗಿ ಬಿರುಕುಬಿಟ್ಟ ಕೆಸರಿನ ಮೇಲೆ, ನಾಳಿದ್ದು ಯುಗಾದಿ, ಬೇವು ಹೂ ಬಿಟ್ಟಿದೆ, ಅದರ ವಾಸನೆಯೊಳಗೆ ಹಾಯ್ದು ಸತ್ತ ದನದ ವಾಸನೆ ಬರುತ್ತದೆ, ಎರಡೂ ಒಂದೇ ಅನ್ನಿಸುತ್ತದೆ. ಅಕ್ಕೋರು ಹೇಳುತ್ತಾರೆ, ನಾನು ಬರೆಯುತ್ತೇನೆ, ಬೆಳ್ಳಕ್ಕಿ ನಾಲ್ವತ್ತೊಂದು, ಟಿಟ್ಟಿಭ ಆರು, ಮಿಂಚುಳ್ಳಿ ಎರಡು, ಚಳಿಗಾಲಕ್ಕೆ ಬಂದ ಬಾತು ಇನ್ನೂ ಹೋಗದೆ ಉಳಿದದ್ದು ಒಂದು, ಅದು ನೀರಿನ ನಡುವೆ ಒಂದೇ ಕಡೆ ಸುತ್ತುತ್ತಿದೆ, ರೆಕ್ಕೆಗೇನೋ ಆಗಿರಬೇಕು, ಪಾಪ ಇದು ಇನ್ನ ಹೋಗೂದಿಲ್ಲ ಎಂದರು ಅಕ್ಕೋರು. ಮೊನ್ನೆ ಇವರೇ ಮನೆಗೆ ಬಂದು, ಜುಬೇದಾಬಿ, ನಿಮ್ಮ ಹುಡುಗಿಗೆ ಈ ಸೀಮಿಯೊಳಗಿನ ಒಂದೊಂದ ಹಕ್ಕಿ ಗೊತ್ತೈತಿ, ನನ್ನ ಕೂಡ ಕಳಸ್ರಿ ಎಂದು ಕೇಳಿದಾಗ ಅಮ್ಮಾ ನನ್ನ ಮುಖ ನೋಡಿದ್ದಳು, ಬೇಡ ಅಂದರೆ ಯಾಕೆ ಅನ್ನುತ್ತಾರೆ, ಹೂಂ ಅಂದರೆ ಯಾವ ದಾರಿಯಲ್ಲಿ ಹೋಗಬೇಕು ಎನ್ನುವುದು ನಮ್ಮ ಕೈಯಲ್ಲಿರುತ್ತದೆ, ಹೂಂ ಅಂದಳು. ಗಾರ್ಡ್ ಜೊತೆಗೆ ಬರುತ್ತಾನೆಂದು ಆಗ ಯಾರಿಗೆ ಗೊತ್ತಿತ್ತು. ಅವನು ಈಗ ಬೇವಿನ ಕಡ್ಡಿ ಜಗಿಯುತ್ತ ಹೇಳುತ್ತಿದ್ದಾನೆ, ಹೋದ ವರ್ಷ ಇಬ್ಬರನ್ನ ಹಿಡದೇನ್ರಿ ಅಕ್ಕೋರ, ಬಲಿ ಸಮೇತ, ಸವದತ್ತಿ ಕೋರ್ಟಿಗೆ ಹಾಕಿದ್ವಿ, ಒಬ್ಬಾಂವಗ ಜೇಲಿನ್ಯಾಗ ಕುಂತು ಮಗಳ ಲಗ್ನ ನೋಡಾಕ ಆಗಲಿಲ್ಲ, ಅಳತಿದ್ದ ಮಗಾ. ಅಕ್ಕೋರು ಪಾಪ ಅನ್ನಲಿಲ್ಲ. ಖಣಿಯ ಕಡೆಯಿಂದ ಕೂಗು ಗಾಳಿಯೊಡನೆ ಬಂದು ಹೋಗುತ್ತಿದೆ, ಎಣಿಸಬಾರದೆಂದರೂ ಎಣಿಸುತ್ತಿದ್ದೇನೆ, ನೋಟುಬುಕ್ಕಿನಲ್ಲಿ ಅಲ್ಲ, ಹನ್ನೆರಡು, ಹದಿಮೂರು, ಭಾಯಿ, ಗವಸು ಹಾಕು, ಹದಿನಾಲ್ಕು, ಹಾಕು ಭಾಯಿ. ಏ ತಂಗಿ, ಮಲಕಾಜಪ್ಪ ನಿಂತ, ಈ ಕೌಜುಗ ಒಂದ ಜಾಗದಾಗ ನಿಂತ ಯಾಕ ಒದರಾಕ ಹತ್ತೈತಿ. ಮರಿ ಇರಬೇಕರಿ ಅಂದೆ. ಹೂಂ ಅಂದ, ಖಣಿಯ ಕಡೆ ಒಂದು ಸಲ ನೋಡಿ ಕಡ್ಡಿ ಉಗುಳಿದ.

ಅವತ್ತೂ ಹೀಗೆಯೇ ಕೂಗಿತ್ತು. ನಾನು ಏಳನೆಯ ಇಯತ್ತೆ, ಕಿಟಕಿಯ ಪಕ್ಕದ ಜಾಗ, ಕರಿಹಲಗೆಯ ಮೇಲೆ ಇದೇ ಅಕ್ಕೋರ ಕೈ, ಭಾಗಾಕಾರ, ಹೊರಗೆ ಇದೇ ಬಿಸಿಲು, ಖಣಿಯಿಂದ ಅಬ್ಬಾನ ಕೌಜುಗ ಕೂಗುತ್ತಿತ್ತು, ಹತ್ತು ಗಂಟೆಯಾಯಿತು, ಹನ್ನೊಂದಾಯಿತು, ಇಷ್ಟು ಹೊತ್ತು ಕೂಗಬಾರದು ಎಂದು ಆ ಸಾಲೆಯಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೇ, ಎದ್ದು ನಿಲ್ಲಬೇಕು, ಅಕ್ಕೋರ, ಮನಿಗೆ ಹೋಗತೇನ್ರಿ ಅನ್ನಬೇಕು, ಎಲ್ಲರೂ ತಿರುಗಿ ನೋಡುತ್ತಾರೆ, ಯಾಕ ಎಂದು ಕೇಳುತ್ತಾರೆ, ಏನು ಹೇಳಲಿ, ಏಳದೆ ಮುಂದಿನ ಲೆಕ್ಕ ಬರೆದುಕೊಂಡೆ, ಮಧ್ಯಾಹ್ನದ ಗಂಟೆ ಬಾರಿಸುವ ತನಕ ಕೂಗಿತು, ಕುರಿಯವರು ಹೋಗಿ ನೋಡಿದಾಗ ಅಬ್ಬಾ ಕಲ್ಲಿಗೆ ಆತು ಕೂತಿದ್ದ, ಹಾವು ಕಡಿದ ಕಾಲು ಮೊಣಕಾಲಿನ ತನಕ ಕಪ್ಪಾಗಿತ್ತು, ಒಂದ ತಾಸ ಮೊದಲ ತಂದಿದ್ರ ಎಂದು ಡಾಕ್ಟರು ಅಂದರಂತೆ. ಒಂದು ತಾಸು. ನಾನು ಭಾಗಾಕಾರ ಮಾಡುತ್ತಿದ್ದೆ. ಮರುದಿನದಿಂದ ಸಾಲೆಗೆ ಹೋಗಲಿಲ್ಲ, ಅಬ್ಬಾ ಇಲ್ಲದ ಮನೆ, ಕಳಿಸುವವರು ಯಾರು ಎಂದು ಜನ ತಾವೇ ತಿಳಿದುಕೊಂಡರು, ನಿಜ ಯಾರಿಗೂ ಹೇಳಿಲ್ಲ. ಹಳೆಯ ಗವಸು ಅಬ್ಬಾನ ಜೊತೆ ಕಲ್ಲಿನ ಮೇಲೆ ಹರಿದು ಹೋಗಿತ್ತು, ನನ್ನ ಸಾಲೆಯ ನೀಲಿ ಲಂಗ ಬಿಚ್ಚಿ ನಾನೇ ಹೊಲಿದೆ, ಒಳಗೆ ದಾರವಿಟ್ಟು, ಈಗ ಆ ಹಕ್ಕಿಗೆ ಅದೇ ಬೇಕು, ಒಮ್ಮೆ ಭಾಯಿ ಟವೆಲ್ ಹಾಕಿದರೆ ತಲೆ ಕಂಬಿಗೆ ಬಡಿದುಕೊಂಡು ರಕ್ತ ಮಾಡಿಕೊಂಡಿತು, ನೀಲಿ ಬಟ್ಟೆ ಇಳಿದರೆ ಮಾತ್ರ ಸುಮ್ಮನೆ ಕೂರುತ್ತದೆ.

ಇಪ್ಪತ್ತೇಳು. ದಿಬ್ಬ ಹತ್ತಿದೆವು, ಇಲ್ಲಿಗೆ ಸುತ್ತು ಮುಗಿಯುತ್ತದೆ, ಎದುರಿಗೆ ಖಣಿ, ಬೆನ್ನಿಗೆ ಊರು, ಜಾಲಿಕಂಟಿಯ ನಡುವೆ ಖಣಿಯ ಬಾಯಿ ಕಪ್ಪಗೆ ಕಾಣುತ್ತದೆ, ಅದರ ದಂಡೆಯ ಕಲ್ಲುಗಳು, ಅಬ್ಬಾ ಆತು ಕೂತ ಕಲ್ಲು, ಯಾರೂ ಕಾಣುವುದಿಲ್ಲ, ಕೂಗು ಮಾತ್ರ, ಈಗ ಅದರಲ್ಲಿ ಹೂಂಕಾರವಿಲ್ಲ, ನೀರಿಲ್ಲದ ಗಂಟಲು, ಬಿಸಿಲಿನಲ್ಲಿ ಬಿಟ್ಟ ಹಕ್ಕಿಯ ಗಂಟಲು, ಎಂಟಕ್ಕ ನಾ ಮನ್ಯಾಗಿರತೇನಿ, ಅಕ್ಕೋರ ಗಡಿಯಾರದಲ್ಲಿ ಹತ್ತೂ ಕಾಲು, ಅವನ ಕಾಲು ಕಪ್ಪಾಗುತ್ತಿದೆಯೇನೋ, ಮೊಣಕಾಲಿನ ತನಕ ಬಂದಿದೆಯೇನೋ, ಒಂದು ತಾಸು, ಒಂದ ತಾಸ ಮೊದಲ ತಂದಿದ್ರ, ಹೇಳಿದರೆ ಜೇಲು, ಹೇಳದಿದ್ದರೆ — ಹನ್ನೊಂದು ದಿನದ ಕೂಸು. ಅಕ್ಕೋರ, ಅಂದೆ. ದೊಡ್ಡದಾಗಿ ಅಂದೆನೇನೋ, ಇಬ್ಬರೂ ತಿರುಗಿದರು, ಅದು ನಮ್ಮ ಹಕ್ಕಿರಿ, ನಮ್ಮಣ್ಣ ಬಲಿ ಹಾಕಾಕ ಹೋಗ್ಯಾನ್ರಿ, ಅಂವಗ ಏನೋ ಆಗೇತ್ರಿ, ಗವಸು ಹಾಕಿಲ್ಲಂದ್ರ ಅಂವಗ ಏನೋ ಆಗೇತ್ರಿ, ನಮ್ಮಬ್ಬಾಗ ಆದಂಗ, ಜಲ್ದಿ ಹೋಗ್ರಿ, ಕೈ ಮುಗಿತೇನ್ರಿ. ಇಷ್ಟು ಮಾತು ನನ್ನ ಬಾಯಿಂದ ಒಮ್ಮೆಗೇ ಬಂದದ್ದು ಇದೇ ಮೊದಲು. ಮಲಕಾಜಪ್ಪ ನನ್ನನ್ನು ನೋಡಿದ, ನಗುವಿಲ್ಲದ ಅವನ ಮುಖ ಬೇರೆಯೇ ಇದೆ, ಮರಿ ಇರಬೇಕರಿ ಅಂದೆಲ್ಲ ತಂಗಿ, ಅಂದ, ಬೆಲ್ಟಿನಿಂದ ಸೀಟಿ ಬಿಚ್ಚಿಕೊಂಡು ಬಡಿಗೆ ಊರುತ್ತ ಇಳಿಜಾರಿಗೆ ಓಡಿದ, ಕಲ್ಲು ಉರುಳಿದವು.

ಅಂಜಬ್ಯಾಡ, ಏನೂ ಆಗಿರೂದಿಲ್ಲ, ತಗೋ, ಇದರಾಗ ನೋಡ — ಅಕ್ಕೋರು ದುರ್ಬೀನನ್ನು ನನ್ನ ಕೊರಳಿಗೆ ಹಾಕಿದರು, ಖಣಿ ಸಿಗಲೇ ಇಲ್ಲ, ಆಕಾಶ, ಜಾಲಿ, ಮತ್ತೆ ಆಕಾಶ, ಎಲ್ಲವೂ ಜಾರುತ್ತಿದೆ, ಹುಡುಕುತ್ತ ಊರಿನ ಕಡೆ ಹೊರಳಿದೆ, ಗಾಜಿನಲ್ಲಿ ನಮ್ಮ ಮಾಳಿಗೆ ಥಟ್ಟನೆ ಕೈಗೆ ಸಿಗುವಷ್ಟು ಹತ್ತಿರ ಬಂತು, ಹಗ್ಗದ ಮೇಲೆ ಕೂಸಿನ ಅರಿವೆಗಳು, ಭಾಬಿಯ ದುಪಟ್ಟಾ, ಅಮ್ಮಾನ ಸೀರೆ, ಸೀರೆಯ ಪಕ್ಕ ಗಾಳಿಗೆ ಉಬ್ಬಿ ಇಳಿಯುತ್ತ ನೀಲಿ — ಒಂದ ಚಿಂದಿ ಬಿಟ್ಟಿಲ್ಲ, ಎಲ್ಲಾ ಒಗದ ಹಾಕೇನಿ — ನಸುಕಿಗೆ ಅವನು ಗೂಟದಲ್ಲಿ ತಡಕಾಡಿದ್ದು ಅದಕ್ಕೆ, ಸಿಗದೆ ಹಾಗೆಯೇ ಹೋಗಿದ್ದಾನೆ, ಕತ್ತಲಲ್ಲಿ ಹಕ್ಕಿ ಕೂಗುವುದಿಲ್ಲವಲ್ಲ, ಬೆಳಕಾದ ಮೇಲೆ ಕೂಗುವ ಹಕ್ಕಿಯನ್ನು ಹೊತ್ತು ಊರೊಳಗೆ ಬರುವುದು ಹೇಗೆ, ಕಂಟಿಯೊಳಗೆ ತಲೆ ತಗ್ಗಿಸಿ ಕೂತಿದ್ದಾನೆ, ಕಾಲಿಗೆ ಏನೂ ಆಗಿಲ್ಲ, ಏನೂ ಆಗಿಲ್ಲ, ನಾನು ಇವರನ್ನು ದೂರ ಕರೆದುಕೊಂಡು ಹೋಗಲಿ ಎಂದು ಕಾಯುತ್ತ ಕೂತಿದ್ದಾನೆ, ತಂಗಿ ಕರೆದುಕೊಂಡು ಹೋಗುತ್ತಾಳೆ ಎಂದು. ಏನ ಕಾಣತೈತಿ ಜನ್ನತ, ಅಕ್ಕೋರು ಕೇಳುತ್ತಿದ್ದಾರೆ. ಬೆನ್ನ ಹಿಂದೆ ಖಣಿಯಲ್ಲಿ ಸೀಟಿ ಕೇಳಿಸಿತು, ಉದ್ದಕ್ಕೆ, ಮೂರು ಸಲ ಕೂಗಿದ ಕೌಜುಗ ನಾಲ್ಕನೆಯದನ್ನು ಅರ್ಧಕ್ಕೆ ಕಡಿಯಿತು, ಯಾವ ಕೈ, ಯಾವುದರಿಂದ ಮುಚ್ಚಿತು, ಗವಸು ಇಲ್ಲಿದೆ, ಉಬ್ಬುತ್ತಿದೆ, ಇಳಿಯುತ್ತಿದೆ, ದಾರದ ತುದಿ ಕೂಡ ಕಾಣುತ್ತದೆ, ನನ್ನ ಲಂಗದ ಅಂಚು, ನೀಲಿ, ಹಗ್ಗದ ಮೇಲೆ, ಒಣಗಿದೆ, ನೀಲಿ ಗವಸು ಒಣಗಿದೆ