ಎಪ್ಪತ್ತೆರಡನೆಯ ಪುಟ

ಈ ಎತ್ತರದ ಕುರ್ಚಿಗಳನ್ನು ಯಾವ ಪುಣ್ಯಾತ್ಮ ಆರಿಸಿದನೋ, ಕೂತರೆ ಕಾಲು ನೆಲಕ್ಕೆ ಎಟುಕುವುದಿಲ್ಲ, ಐವತ್ತು ದಾಟಿದ ಹೆಂಗಸು, ನಾಲ್ಕು ಪುಸ್ತಕ ಬರೆದವಳು, ತುಂಬಿದ ಸಭೆಯ ಮುಂದೆ ಕಾಲು ತೂಗಾಡಿಸಿಕೊಂಡು ಕೂರಬೇಕು, ಪಕ್ಕದಲ್ಲಿ ಗಡ್ಡದ ಕವಿ, ಹಿಡಿದ ಮೈಕನ್ನು ಬಿಡುವ ಲಕ್ಷಣವೇ ಇಲ್ಲ, ನಾನು ಕವಿತೆ ಬರೆಯೋದಿಲ್ಲ, ಕವಿತೆಯೇ ನನ್ನನ್ನು ಬರೆಯುತ್ತೆ — ಹೋದ ವರ್ಷವೂ ಇದನ್ನೇ ಹೇಳಿದ್ದ, ಜನ ಆಗಲೂ ಚಪ್ಪಾಳೆ ತಟ್ಟಿದ್ದರು — ಹೇಳಲಿ, ಸಂಜೆಯವರೆಗೆ ಹೇಳಲಿ, ಅವನ ಬಾಯಿಗೆ ಇವತ್ತು ಸಕ್ಕರೆ ಹಾಕಬೇಕು, ಯಾಕೆಂದರೆ ಅವನಾದ ಮೇಲೆ ಇವಳ ಸರದಿ, ಮತ್ತು ಮೂರನೆಯ ಸಾಲಿನಲ್ಲಿ ಅಕ್ಕ ಬಂದು ಕೂತಿದ್ದಾಳೆ. ಅಕ್ಕ! ಇಪ್ಪತ್ತು ವರ್ಷದಲ್ಲಿ ಒಂದು ಸಭೆಗೂ ಬಾರದ ಅಕ್ಕ, ಪಕ್ಕದಲ್ಲಿ ಇಸ್ತ್ರಿ ಅಂಗಿ ತೊಟ್ಟ ಭಾವ, ನೀನು ಕರೀದಿದ್ರೇನಂತೆ, ನಾವೇ ಬಂದ್ವಿ ಅಂದಿದ್ದಳು ಬಾಗಿಲಲ್ಲೇ, ಪೇಪರಲ್ಲಿ ನಿನ್ನ ಫೋಟೋ ನೋಡಿ ನಿಮ್ಮ ಭಾವನೇ ಹೊರಡ್ಸಿದ್ರು, ನಮ್ಮ ತಂಗಿ ಏನು ಬರೀತಾಳೆ ಅಂತ ಒಂದ್ಸಲನಾದ್ರೂ ಕೇಳೋಣ ಅಂತ. ಈಗ ಅಕ್ಕ ಕೈ ಬೀಸಿದಳು, ಇವಳೂ ಬೀಸಿದಳು, ಬೀಸಿದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ನೀರಿನ ಬಾಟಲಿ ಎತ್ತಿಕೊಂಡಳು.

ಇವಳ ಕಾದಂಬರಿಯ ಎಪ್ಪತ್ತೆರಡನೆಯ ಪುಟ ಓದಬೇಕು. ಆರಿಸಿದವಳು ಸಂಪಾದಕಿ, ತಿಂಗಳ ಹಿಂದೆಯೇ, ಕಿವಿ ಮಂದವಾದವರಿಗೆ ಅನುಕೂಲವಾಗಲೆಂದು ಹಿಂದಿನ ಪರದೆಯ ಮೇಲೂ ಅದೇ ಪುಟ ಸಾಲುಸಾಲಾಗಿ ಮೂಡುತ್ತದೆ, ಎಷ್ಟು ಒಳ್ಳೆಯ ಯೋಚನೆ ಎಂದು ಇವಳೇ ಫೋನಿನಲ್ಲಿ ಹೊಗಳಿದ್ದಳು, ನಾಲಗೆಗೆ ಏನು ಬಂದಿತ್ತೋ. ಅಕ್ಕ ಪುಸ್ತಕ ಮುಟ್ಟುವವಳಲ್ಲ, ಅದೊಂದೇ ಧೈರ್ಯದ ಮೇಲೆ ಆ ಕಾದಂಬರಿ ಬರೆದದ್ದು — ಅಕ್ಕನ ಅಡುಗೆಮನೆ, ಅಮ್ಮ ಹೋಗಿ ವರ್ಷವಾಗಿತ್ತು, ಇಬ್ಬರ ನಡುವೆ ಬಟಾಣಿಯ ಮೊರ, ಸಿಪ್ಪೆ ಬಿಡಿಸುತ್ತಿದ್ದ ಅಕ್ಕ ತಲೆ ಎತ್ತದೆ ಅಂದಳು, ಆವತ್ತು ನಾನು ಎಲ್ರಿಗೂ ಹೇಳಿದ ಹಾಗೆ ಸ್ನಾನಕ್ಕೆ ಹೋಗಿರ್ಲಿಲ್ಲ ಕಣೇ, ಬೀಗ ಹಾಕ್ಕೊಂಡು ಆಚೆ ಹೋಗಿದ್ದೆ, ಪಾರ್ಕಲ್ಲಿ ಕೂತ್ಕೊಂಡು ಐಸ್‌ಕ್ರೀಮ್ ತಿಂದೆ, ಅರ್ಧ ಗಂಟೆ ಅಷ್ಟೇ, ಅಮ್ಮ ಕೂಗಿದ್ದು ಕೇಳಿಸ್ತು, ಆದ್ರೂ ಮೆಟ್ಟಿಲು ಇಳಿದೆ, ಇಳೀತಾ ಇಳೀತಾ ಮೈ ಹಗುರ ಆಯ್ತು. ವಾಪಸ್ ಬಂದಾಗ ಅಮ್ಮ ಮಂಚದ ಕೆಳಗೆ ಬಿದ್ದಿದ್ದಳು, ಉಸಿರಿರಲಿಲ್ಲ. ಹನ್ನೊಂದು ವರ್ಷ ಹಾಸಿಗೆ ಹಿಡಿದ ಅಮ್ಮನ ಮೈ ಒರೆಸಿ, ಬಟ್ಟೆ ಬದಲಿಸಿ, ತುತ್ತು ತಿನ್ನಿಸಿದವಳು ಅಕ್ಕ, ಇವಳೋ ಭಾನುವಾರ ಅರ್ಧ ಡಜನ್ ಕಿತ್ತಳೆ ಹಿಡಿದು ಹೋಗಿ, ಬರೆಯೋದಿದೆ ಅಂತ ನಾಲ್ಕಕ್ಕೆ ಎದ್ದು ಬರುತ್ತಿದ್ದ ದೊಡ್ಡ ಮನುಷ್ಯಳು. ನಿಮ್ಮ ಭಾವಂಗೂ ಗೊತ್ತಿಲ್ಲ, ಹೊಟ್ಟೇಲೇ ಇಟ್ಕೋ, ಅಂದಳು ಅಕ್ಕ. ಇಟ್ಟುಕೊಂಡಳು, ಬಸ್ಸು ಹತ್ತಿ ಕಿಟಕಿ ಪಕ್ಕ ಸೀಟು ಸಿಗುವವರೆಗೆ, ಆಮೇಲೆ ಚೀಲದಿಂದ ನೋಟುಬುಕ್ಕು ಹೊರಬಂತು. ಅದು ಇವಳ ಕಸುಬಿನ ರೀತಿ, ಮೊದಲು ಕೇಳಿದ್ದನ್ನು ಕೇಳಿದ ಹಾಗೇ ಬರೆದುಕೊಳ್ಳುವುದು, ಆಮೇಲೆ ನಿಧಾನವಾಗಿ ಒಂದೊಂದಕ್ಕೂ ವೇಷ ಹಾಕುವುದು, ಹಾಕಿದ್ದಳು, ಅಕ್ಕನನ್ನು ಸೊಸೆ ಮಾಡಿದಳು, ಅಮ್ಮನನ್ನು ಅತ್ತೆ ಮಾಡಿದಳು, ಪಾರ್ಕು ಸಿನಿಮಾ ಆಯಿತು, ಆ ಮೆಟ್ಟಿಲಿನ ಮಾತನ್ನೂ ಬದಲಾಯಿಸುವುದಿತ್ತು, ಅಷ್ಟರಲ್ಲಿ ಸಂಪಾದಕಿ ಅದರ ಕೆಳಗೆ ಕೆಂಪು ಗೆರೆ ಎಳೆದು, ಇದೊಂದನ್ನು ಮಾತ್ರ ಮುಟ್ಟಬೇಡಿ, ಇಂಥ ಸಾಲು ನಿಮಗೆ ಮಾತ್ರ ಹೊಳೆಯೋದು ಅಂದಳು, ಇವಳು ಹಿಗ್ಗಿ ಹೀರೇಕಾಯಿ ಆದಳು, ಹಿಗ್ಗಿದವಳಿಗೆ ಅದು ತನ್ನ ಸಾಲಲ್ಲ ಎನ್ನುವುದೇ ಮರೆತುಹೋಯಿತು. ನಾಚಿಕೆಯಾಗುತ್ತದೆ, ಈಗ ನಾಚಿಕೆಪಟ್ಟು ಯಾರಿಗೆ ಏನು ಬಂತು.

ಕವಿ ಮುಗಿಸಿಯೇಬಿಟ್ಟ, ದ್ರೋಹಿ. ನಿರೂಪಕಿ ಇತ್ತ ತಿರುಗಿದಳು, ನಿಮ್ಮ ಪಾತ್ರಗಳು ಎಲ್ಲಿಂದ ಬರ್ತಾವೆ ಮೇಡಂ, ಎಲ್ಲಾ ಕಲ್ಪನೆ, ಅಂದಿತು ಇವಳ ಬಾಯಿ, ಪ್ರತಿ ಸಲ ಅನ್ನುವ ಹಾಗೆ, ಮೂರನೆಯ ಸಾಲಿನಲ್ಲಿ ಅಕ್ಕ ಹೆಮ್ಮೆಯಿಂದ ತಲೆದೂಗಿದಳು, ತಲೆ ಸುತ್ತು ಬಂತು ಅನ್ನಲೇ, ಎದ್ದು ಹೋಗಿಬಿಡಲೇ, ಈ ಕುರ್ಚಿಯಿಂದ ಇಳಿಯಬೇಕಾದರೂ ಯಾರಾದರೂ ಕೈ ಹಿಡಿಯಬೇಕು, ಪುಸ್ತಕ ತೆರೆದಳು, ಹದಿನೈದನೆಯ ಪುಟ, ರೈಲ್ವೆ ನಿಲ್ದಾಣದ ವರ್ಣನೆ, ಯಾರಿಗೂ ನೋವಾಗದ ಪುಟ, ಎರಡು ಸಾಲು ಓದುವಷ್ಟರಲ್ಲಿ ಸಭೆಯಲ್ಲಿ ಗುಜುಗುಜು, ಪರದೆಯಲ್ಲಿ ಬೇರೆಯೇ ಇದೆ ಮೇಡಂ ಅಂತ ಹಿಂದಿನಿಂದ ಯಾರೋ, ನಿರೂಪಕಿ ಎದ್ದು ಬಂದು, ಎಷ್ಟು ಒಳ್ಳೆಯ ಹುಡುಗಿ, ತಾನೇ ಹಾಳೆ ತಿರುವಿ ಎಪ್ಪತ್ತೆರಡರ ಮೇಲೆ ಬೆರಳಿಟ್ಟು, ಇಲ್ಲಿಂದ ಮೇಡಂ ಅಂದಳು. ಓದಿದಳು. ಸೊಸೆ ಕದ ಎಳೆದುಕೊಂಡಳು. ಬೀಗ ಹಾಕಿ ಕೀಲಿಕೈಯನ್ನು ಚೀಲದ ತಳಕ್ಕೆ ತುರುಕಿದಳು. ದನಿ ನಡುಗುತ್ತಿಲ್ಲ, ಹಾಳಾದ ಅಭ್ಯಾಸ, ನಿಲ್ಲಿಸಬೇಕಾದಲ್ಲಿ ನಿಲ್ಲಿಸಿ, ಇಳಿಸಬೇಕಾದಲ್ಲಿ ಇಳಿಸಿ ಓದುತ್ತಿದೆ ದನಿ, ಭಾವ ಕತ್ತೆತ್ತಿ ಪರದೆ ನೋಡುತ್ತಿದ್ದಾರೆ, ಅಕ್ಕನೂ ಪರದೆ ನೋಡುತ್ತಿದ್ದಾಳೆ, ತುಟಿ ಅಲ್ಲಾಡಿಸುತ್ತಾ, ಮೊದಲಿನಿಂದಲೂ ಹಾಗೇ ಅವಳು ಓದುವುದು, ಒಂದೊಂದಕ್ಷರವನ್ನೂ ತುಟಿಯಲ್ಲಿ ಹಿಡಿದು ನೋಡಿ ಆಮೇಲೆ ಒಳಗೆ ಬಿಟ್ಟುಕೊಳ್ಳುವಳು, ಟೀಚರ್ ಎಷ್ಟು ಬೈದರೂ ಬಿಡಲಿಲ್ಲ, ಕ-ದ, ಬೀ-ಗ, ಇವಳು ಓದುತ್ತಾಳೆ, ಅರ್ಧ ಮಾತು ಹಿಂದೆ ಬಿದ್ದು ಅಕ್ಕನ ತುಟಿ ಬರುತ್ತದೆ, ಕೀ-ಲಿ-ಕೈ, ತುಟಿ ನಿಂತಿತು. ಪರದೆಯಲ್ಲಿ ಮುಂದಿನ ಸಾಲು ಇನ್ನೂ ಬಂದಿಲ್ಲ. ಅಕ್ಕ ಪರದೆ ಬಿಟ್ಟು ಇವಳ ಮುಖ ನೋಡಿದಳು, ಭಾವನ ಪಕ್ಕದಲ್ಲಿ ಕೂತು ಏನು ಅನ್ನಬಲ್ಲಳು, ಇವಳ ಬಾಯಿ ಅತ್ತೆ ಕೂಗಿದ್ದು ಎಂದು ತೆರೆಯಿತು, ಅತ್ತೆ ಎನ್ನಲು ತುಟಿ ತುಟಿಗೆ ತಾಗಬೇಕಿಲ್ಲ, ಅಕ್ಕನ ತುಟಿಗಳು ಸಾಲು ಮೂಡುವುದಕ್ಕೆ ಮುಂಚೆಯೇ ತೆರೆದು, ಒಂದಕ್ಕೊಂದು ಒತ್ತಿಕೊಂಡವು, ಅಮ್ಮ, ಒತ್ತಿಕೊಂಡವು ಬಿಡಲಿಲ್ಲ.